ಉಪ್ಪು ಹಾಕುವವರು, ನೀರು ಕುಡಿಯುವವರು

ಹಿಮಕ್ಕೂ ಜೀವವಿದೆ ಎಂದು ನಾನು ಹುಟ್ಟಿದ ಮನೆಯ ಶಾಸ್ತ್ರ ಹೇಳುತ್ತದೆ. ಆ ಹಿಮದ ಮೇಲೆ ಉಪ್ಪುನೀರು ಹೊಯ್ಯಿಸುವುದು ನನ್ನ ಹೊಟ್ಟೆಪಾಡು.

ನಾವು ಚನ್ನರಾಯಪಟ್ಟಣ ತಾಲ್ಲೂಕಿನ ದಿಗಂಬರ ಜೈನರು. ಹೊಲದ ಬದುವಿನ ಮೇಲೆ ನಿಂತರೆ ಬೆಳಗೊಳದ ದೊಡ್ಡ ಬೆಟ್ಟ ಕಾಣುತ್ತದೆ. ವಟ್ಟಕೇರಾಚಾರ್ಯರ ‘ಮೂಲಾಚಾರ’ದಲ್ಲಿ ನೀರನ್ನೇ ಮೈಯಾಗಿ ಉಳ್ಳ ಜೀವಗಳ ಪಟ್ಟಿಯೊಂದಿದೆ. ಇಬ್ಬನಿ, ಹಿಮ, ಮಂಜು ಎಲ್ಲವೂ ಅದರಲ್ಲಿ ಬರುತ್ತವೆ. ಮಣ್ಣನ್ನೇ ಮೈಯಾಗಿ ಉಳ್ಳವುಗಳ ಪಟ್ಟಿ ಇನ್ನೂ ಉದ್ದ. ಮರಳು, ಕಲ್ಲು, ಬಂಡೆಗಳ ಜೊತೆಗೆ ಉಪ್ಪಿನ ಹೆಸರೂ ಅಲ್ಲಿದೆ. ಇವೆಲ್ಲ ಏಕೇಂದ್ರಿಯಗಳು, ಸ್ಪರ್ಶವೊಂದನ್ನೇ ಬಲ್ಲವು. ಬೆಂಕಿ ತಗುಲಿದ ಉಪ್ಪಿನಲ್ಲಿ ಜೀವವಿರುವುದಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಬಿಗಿಯಾಗಿ ಲೆಕ್ಕ ಹಾಕಿದರೆ ಮಾತ್ರ, ಮಣ್ಣಿನ ಜೀವವನ್ನು ನೀರಿನ ಜೀವದ ಮೇಲೆ ಸುರಿಸಿ ಸಂಬಳ ಎಣಿಸುವವನು ನಾನು.

ಮನೆ ಸಿಂಗಸಂದ್ರದಲ್ಲಿ, ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಹೋಗುವಾಗ ರೈಲು, ಬರುವಾಗ ಕಂಪನಿಯ ಕ್ಯಾಬ್. ಅಮೆರಿಕದ ಮಿನಿಸೋಟ, ಕೆನಡಾದ ಒಂಟಾರಿಯೊ ಕಡೆಯ ಮಾಲ್, ಗೋದಾಮು, ಆಸ್ಪತ್ರೆಗಳ ಪಾರ್ಕಿಂಗ್ ಜಾಗಗಳನ್ನು ಚಳಿಗಾಲದಲ್ಲಿ ಜನ ಜಾರದಂತೆ ಇಡುವ ಗುತ್ತಿಗೆಗಳಿಗೆ ನಮ್ಮದು ಹಿಂಬದಿಯ ಕೆಲಸ. ಹವಾಮಾನದ ಮುನ್ಸೂಚನೆ ನೋಡಿ ಯಾವ ಸೈಟಿಗೆ ಯಾವ ಲಾರಿ, ಎಷ್ಟು ಹೊತ್ತಿಗೆ, ಕಲ್ಲುಪ್ಪೋ ಬ್ರೈನೋ (ಅಂದರೆ ಉಪ್ಪುನೀರೋ) ಎಂದು ಟಿಕೆಟ್ ಕಳಿಸಬೇಕು. ಅಲ್ಲಿಂದ ಬಂದ ಫೋಟೊ, ಜಿಪಿಎಸ್ ಗೆರೆ, ಉಪ್ಪಿನ ತೂಕ ತಾಳೆ ನೋಡಿ ಬಿಲ್ಲಿಗೆ ಒಪ್ಪಿಗೆ ಕೊಡಬೇಕು. ನನ್ನದು ರಾತ್ರಿ ಶಿಫ್ಟ್. ಇಲ್ಲಿ ರಾತ್ರಿ ಒಂದೂವರೆಯಾದಾಗ ಮಿನಿಸೋಟದಲ್ಲಿ ಹಿಂದಿನ ದಿನದ ಮಧ್ಯಾಹ್ನ ಎರಡು. ಸಂಜೆಗೆ ಹಿಮ ಬೀಳುತ್ತದೋ ಇಲ್ಲವೋ, ಮೊದಲೇ ಬ್ರೈನ್ ಹೊಡೆಯಬೇಕೋ ಬೇಡವೋ ಎಂದು ನಿರ್ಧಾರವಾಗಬೇಕಾದ ಹೊತ್ತು ಅದು. ಬಿದ್ದ ಹಿಮ ಬಾಚುವ ಗಲಾಟೆ ನಮ್ಮ ಮಧ್ಯಾಹ್ನದ ಶಿಫ್ಟಿನವರ ಪಾಲಿಗೆ, ಬೀಳುವ ಮುಂಚಿನ ಚಿಂತೆ ನಮ್ಮ ಪಾಲಿಗೆ.

ನಾನು ಹಿಮ ಕಂಡವನಲ್ಲ. ಸಹ್ಯಾದ್ರಿಯ ಮಂಜು, ಕೆ.ಆರ್. ಮಾರುಕಟ್ಟೆಯ ಮಂಜುಗಡ್ಡೆ, ಇಷ್ಟೇ ನನ್ನ ಅನುಭವ. ಉಪ್ಪು ಹಿಮವನ್ನು ಏನು ಮಾಡುತ್ತದೆ ಎಂಬುದು ಮಾತ್ರ ಈಗ ಬಾಯಿಪಾಠ.

ಶುದ್ಧ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಉಪ್ಪು ಕರಗಿದ ನೀರು ಅದಕ್ಕಿಂತ ಕೆಳಗೆ ಇಳಿದರೂ ನೀರಾಗಿಯೇ ಇರುತ್ತದೆ. ಬ್ರೈನ್‌ನಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 23.3 ಉಪ್ಪು ಇದ್ದಾಗ ಅದು ಮೈನಸ್ 21 ಡಿಗ್ರಿಯವರೆಗೂ ಗಟ್ಟಿಯಾಗುವುದಿಲ್ಲ. ಅದಕ್ಕಿಂತ ಹೆಚ್ಚು ಉಪ್ಪು ಬೆರೆಸಿದರೆ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುವ ಬದಲು ಮತ್ತೆ ಮೇಲೇರುತ್ತದೆ. ಆ 23.3 ಒಂದು ತುತ್ತತುದಿ, ದಾಟಿದರೆ ಇಳಿಜಾರು. ಒಣ ಕಲ್ಲುಪ್ಪು ನೆಲಕ್ಕೆ ಬಿದ್ದರೂ ತೇವ ಹೀರಿ ಬ್ರೈನ್ ಆಗುವ ತನಕ ಕೆಲಸ ಶುರು ಮಾಡುವುದಿಲ್ಲ. ಅಷ್ಟರಲ್ಲಿ ಕಾರಿನ ಚಕ್ರಕ್ಕೆ ಸಿಕ್ಕಿ, ಗಾಳಿಗೆ ಉರುಳಿ ಅರ್ಧದಾರಿಯಲ್ಲೇ ಹುಲ್ಲಿನ ಪಾಲಾಗುವ ಹರಳುಗಳು ಬೇಕಾದಷ್ಟು. ದ್ರವವಾಗಿಯೇ ಹಾಕಿದರೆ ಅದು ಅಂಟಿ ನಿಲ್ಲುತ್ತದೆ. ಒಣ ನೆಲದ ಮೇಲೆ ಲಾರಿಯ ಹಿಂದಿನ ಕೊಳವೆಗಳಿಂದ ಗೆರೆ ಎಳೆದಂತೆ ಬ್ರೈನ್ ಹರಿಸುತ್ತಾರೆ. ನೀರು ಆರಿ ತೆಳ್ಳಗೆ ಉಪ್ಪು ಉಳಿಯುತ್ತದೆ. ಸಂಜೆ ಹಿಮ ಬಿದ್ದಾಗ ಅದರ ಮೊದಲ ಪದರವೇ ಕರಗಿ, ಡಾಂಬರಿಗೂ ಹಿಮಕ್ಕೂ ನಡುವೆ ಒದ್ದೆ ಪದರವೊಂದು ನಿಲ್ಲುತ್ತದೆ. ಬೆಳಗಿನ ಜಾವ ಬಾಚುವ ಲಾರಿ ಬಂದಾಗ ಹಿಮ ನೆಲ ಬಿಟ್ಟು ಏಳುತ್ತದೆ. ಒಮ್ಮೆ ಅಂಟಿಕೊಂಡ ಮಂಜುಗಡ್ಡೆಯನ್ನು ಬಿಡಿಸಲು ಇದರ ಹಲವು ಪಟ್ಟು ಉಪ್ಪು ಬೇಕು.

ದ್ರವಕ್ಕೆ ಮಿತಿಗಳೂ ಇವೆ. ಹಿಮಕ್ಕೆ ಮೊದಲು ಮಳೆ ಬಂದರೆ ಬ್ರೈನ್ ತೊಳೆದುಹೋಗುತ್ತದೆ. ದಪ್ಪ ಹಿಮದ ಮೇಲೆ ಹೊಯ್ದರೆ ತೆಳ್ಳಗಾಗಿ ತಾನೇ ಹೆಪ್ಪುಗಟ್ಟುತ್ತದೆ. ಚಳಿ ಹೆಚ್ಚಿದಷ್ಟೂ ಉಪ್ಪಿನ ಕಸುವು ಕುಂದುತ್ತದೆ. ಮೈನಸ್ 1 ಡಿಗ್ರಿಯಲ್ಲಿ ಒಂದು ಕಿಲೊ ಉಪ್ಪು ಸುಮಾರು 46 ಕಿಲೊ ಮಂಜುಗಡ್ಡೆ ಕರಗಿಸಿದರೆ, ಮೈನಸ್ 7ರಲ್ಲಿ ಒಂಬತ್ತು ಕಿಲೊ ಮುಟ್ಟುವುದೂ ಕಷ್ಟ. ಅಂಥ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಬೀಟ್ ಗೆಡ್ಡೆಯ ರಸವನ್ನೂ ಸೇರಿಸುವವರಿದ್ದಾರೆ.

ಇದನ್ನೆಲ್ಲ ಮೊದಲ ಸಲ ಕಲಿತಾಗ ನನಗೆ ಎಲ್ಲೋ ಕೇಳಿದ ಪಾಠ ಮತ್ತೆ ಕೇಳಿದಂತಾಯಿತು. ಚಿಕ್ಕಂದಿನಲ್ಲಿ ಬಸದಿಯ ಕಟ್ಟೆಯಲ್ಲಿ ನಮ್ಮಿಂದ ಏಳು ತತ್ತ್ವಗಳನ್ನು ಹೇಳಿಸುತ್ತಿದ್ದರು: ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರೆ, ಮೋಕ್ಷ. ಜೈನರಿಗೆ ಕರ್ಮವೆಂದರೆ ಬರಿಯ ನಿಯಮವಲ್ಲ, ಅದು ದ್ರವ್ಯ, ಕಣ್ಣಿಗೆ ಕಾಣದಷ್ಟು ಸಣ್ಣ ಪುದ್ಗಲ. ಮನಸ್ಸು, ಮಾತು, ಮೈ ಅಲುಗಿದಾಗ ಅದು ಒಳಗೆ ಹರಿದುಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿದ್ದರೆ ಅಂಟಿ ನಿಲ್ಲುತ್ತದೆ. ಬರುವುದನ್ನು ಬಾಗಿಲಲ್ಲೇ ತಡೆಯುವುದು ಸಂವರ, ಅಂಟಿದ್ದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಬೆಳಗೊಳದ ಬಾಹುಬಲಿಯನ್ನು ಕಡೆಯಿಸಿದ ಚಾವುಂಡರಾಯನಿಗಾಗಿಯೇ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ ಬರೆದರು. ಅದರ ಕರ್ಮಕಾಂಡವೆಂಬ ಭಾಗದಲ್ಲಿ ಅಂಟುವುದು ಬಿಡುವುದರ ಗಣಿತವೇ ಇದೆ. ಯಾವ ಬಗೆಯದು, ಎಷ್ಟು ಕಣ, ಎಷ್ಟು ಕಾಲ, ಎಷ್ಟು ತೀವ್ರತೆ ಎಂಬ ಆ ನಾಲ್ಕು ಪ್ರಶ್ನೆಗಳನ್ನು ನಮ್ಮ ಕಚೇರಿಯ ಲಾಗಿನಲ್ಲೂ ಕೇಳುತ್ತಾರೆ.

ಸಂವರದ ಹಣೆಬರಹವೂ ಬ್ರೈನ್‌ನ ಹಣೆಬರಹವೂ ಒಂದೇ. ಎರಡಕ್ಕೂ ಸಾಕ್ಷಿಯಿಲ್ಲ. ಮಂಜುಗಡ್ಡೆ ಒಡೆದವನ ಬೆವರು ಫೋಟೊದಲ್ಲಿ ಕಾಣುತ್ತದೆ. ಮಂಜುಗಡ್ಡೆ ಆಗದಂತೆ ನೋಡಿಕೊಂಡವನ ಫೋಟೊದಲ್ಲಿ ಖಾಲಿ ಪಾರ್ಕಿಂಗ್ ಜಾಗ ಮತ್ತು ನಾಲ್ಕು ಬಿಳಿ ಗೆರೆ. ಮುನ್ಸೂಚನೆ ಸುಳ್ಳಾಗಿ ಹಿಮ ಪಕ್ಕದ ಜಿಲ್ಲೆಯ ಕಡೆ ಸರಿದರಂತೂ ಬಿಲ್ಲಿನ ಜೊತೆ ಗ್ರಾಹಕರ ಪತ್ರ ಬರುತ್ತದೆ: ಬಿಸಿಲಿದ್ದ ದಿನ ಏನು ಹೊಡೆದಿರಿ, ಯಾಕೆ ಹೊಡೆದಿರಿ? ಊರಿನಲ್ಲೂ ಅಷ್ಟೆ. ಹತ್ತು ದಿನ ಉಪವಾಸ ಮಾಡಿದವರಿಗೆ ಹಾರ ಹಾಕಿ ಮೆರವಣಿಗೆ ಮಾಡುತ್ತಾರೆ. ಬಾಯಿಗೆ ಬಂದ ಕೆಟ್ಟ ಮಾತನ್ನು ನುಂಗಿಕೊಂಡವರನ್ನು ಯಾರು ಗುರುತಿಸುತ್ತಾರೆ?

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಉದ್ಯೋಗಕ್ಕೆ ಒಳ್ಳೆಯ ಸರ್ಟಿಫಿಕೇಟ್ ಸಿಗುತ್ತಿತ್ತು. ಹೋಲಿಕೆ ಮುರಿಯುವ ಜಾಗ ತೋರಿಸಿದವಳು ಅಮ್ಮ.

ಅಮ್ಮ ನೀರನ್ನು ಇಂದಿಗೂ ದಪ್ಪ ಬಟ್ಟೆಯಲ್ಲಿ ಸೋಸುತ್ತಾಳೆ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಸೋಸಿದ ನೀರನ್ನೇ ಮೇಲಿನಿಂದ ಹೊಯ್ದು, ಅದರಲ್ಲಿ ಸಿಕ್ಕ ಜೀವಗಳನ್ನು ಅದೇ ಬಾವಿಗೆ ಇಳಿಬಿಡುವುದು ನಮ್ಮ ಪದ್ಧತಿ. ಒಂದು ಬಾವಿಯವನ್ನು ಇನ್ನೊಂದಕ್ಕೆ ಬಿಡುವಂತಿಲ್ಲ. ಸಿಂಗಸಂದ್ರದ ನಾಲ್ಕನೆಯ ಮಹಡಿಯಲ್ಲಿ ಬಾವಿ ಎಲ್ಲಿ? ಟ್ಯಾಂಕರ್ ನೀರು ಯಾವ ಬೋರ್‌ವೆಲ್‌ನದೋ ಗೊತ್ತಿಲ್ಲದೆ ಅವಳು ಮೊದಲ ವಾರವೇ ಕಂಗಾಲಾಗಿದ್ದಳು. ಬ್ರೈನ್‌ನ ಮಹಿಮೆಯನ್ನು ನಾನು ಉತ್ಸಾಹದಿಂದ ವಿವರಿಸಿದಾಗ ಅವಳು ಕೇಳಿದ್ದು ಒಂದೇ ಮಾತು: “ಆಮೇಲೆ ಆ ಉಪ್ಪನ್ನ ಸೋಸಿ ತಗೀತಾರಾ?”

ತೆಗೆಯುವುದಿಲ್ಲ. ತೆಗೆಯಲು ಬರುವುದೂ ಇಲ್ಲ. ಹಿಮ ಕರಗಿದ ನೀರಿನ ಜೊತೆ ಕ್ಲೋರೈಡ್ ಚರಂಡಿಗೆ, ಹಳ್ಳಕ್ಕೆ, ಕೆರೆಗೆ, ಅಂತರ್ಜಲಕ್ಕೆ ಇಳಿಯುತ್ತದೆ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಯಾವ ಸೂಕ್ಷ್ಮಜೀವಿಗೂ ಆಹಾರವಾಗಿ ಮುಗಿದುಹೋಗುವುದಿಲ್ಲ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸಲು ಸಾಕು ಎಂದು ಮಿನಿಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಜನರಿಗೆ ತಿಳಿಹೇಳುತ್ತದೆ. ಜಲಚರಗಳು ದೀರ್ಘಕಾಲ ತಾಳಿಕೊಳ್ಳಬಲ್ಲ ಮಿತಿ ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್ ಎಂದು ಅಲ್ಲಿ ಇಟ್ಟುಕೊಂಡಿದ್ದಾರೆ. ಕೆನಡಾ ಸರ್ಕಾರ 2001ರಲ್ಲೇ ರಸ್ತೆಯ ಉಪ್ಪು ಪರಿಸರಕ್ಕೆ ವಿಷಕಾರಿ ಎಂದು ತೀರ್ಮಾನಿಸಿತು, 2004ರಲ್ಲಿ ಅದರ ಬಳಕೆಗೆ ಸಂಹಿತೆ ತಂದಿತು. ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ ಉಪ್ಪು ರಸ್ತೆ ಸೇರುತ್ತದೆ. ನಿರ್ಜರೆ ಮಾಡಿಕೊಳ್ಳುವ ದಾರಿ ಜೀವಕ್ಕೆ ಇದೆ, ಕೆರೆಗೆ ಇಲ್ಲ. ಡಾಂಬರಿಗೆ ಹಿಮ ಅಂಟುವುದನ್ನು ತಡೆಯುವ ಸಂವರವೇ ಕೆರೆಯ ಕಡೆಯಿಂದ ನೋಡಿದರೆ ಆಸ್ರವ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಕನ್ನಡಿಗರ ಕರ್ಮಸಿದ್ಧಾಂತ. ಮಾಡಿದವನೇ ಉಣ್ಣುತ್ತಾನೆ ಎಂಬ ಧೈರ್ಯ ಅದರಲ್ಲಿದೆ. ರಸ್ತೆಯ ಉಪ್ಪಿನಲ್ಲಿ ಆ ಧೈರ್ಯಕ್ಕೆ ಜಾಗವಿಲ್ಲ. ಹಾಕುವವರು ಬೇರೆ, ಕುಡಿಯುವವರು ಬೇರೆ, ಹಾಕಿಸುವವನಂತೂ ಹನ್ನೊಂದೂವರೆ ಗಂಟೆ ಆಚೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತಿದ್ದಾನೆ.

ಹಾಗಾದರೆ ನನಗೆ ಅದು ಅಂಟುತ್ತದೆಯೇ? ನಮ್ಮ ಕ್ಯಾಂಟೀನಿನಲ್ಲಿ ಇದು ಚರ್ಚೆಯಾಗಿದೆ. “ಏನ್ ಸಾರ್, ನೀವೇನು ಮೂಟೆ ಹೊತ್ತು ಹಾಕ್ತೀರಾ? ಹಾಕೋದು ಸಿಸ್ಟಮ್ಮು,” ಎಂದು ಪಕ್ಕದ ಸೀಟಿನ ಹುಬ್ಬಳ್ಳಿ ಹುಡುಗ ನಗುತ್ತಾನೆ. ‘ತತ್ತ್ವಾರ್ಥಸೂತ್ರ’ ಈ ತರದ ಜಾರಿಕೆಗೆ ಮೊದಲೇ ಬೇಲಿ ಹಾಕಿದೆ. ಅದರ ಆರನೆಯ ಅಧ್ಯಾಯದಲ್ಲೊಂದು ಲೆಕ್ಕವಿದೆ: ಮಾಡಬೇಕೆಂದುಕೊಳ್ಳುವುದು, ಸಾಧನ ಕೂಡಿಸುವುದು, ಶುರುಮಾಡುವುದು ಎಂದು ಮೂರು, ಮನಸ್ಸು, ಮಾತು, ಮೈ ಎಂದು ಮೂರು, ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ನಮ್ಮ ಜಪಸರದ ಮಣಿಗಳಿಗೂ ಇದೇ ಲೆಕ್ಕ ಹೇಳುತ್ತಾರೆ. ರಾತ್ರಿ ಟಿಕೆಟ್ ಕಳಿಸಿದರೆ ಮಾಡಿಸಿದ್ದಾಯಿತು, ಬೆಳಿಗ್ಗೆ ಬಿಲ್ಲಿಗೆ ಅಪ್ರೂವ್ ಒತ್ತಿದರೆ ಒಪ್ಪಿದ್ದಾಯಿತು. ದೂರ ಎಷ್ಟು ಎಂಬ ಕಲಮು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಎದುರು ಪಕ್ಷವೂ ಗಟ್ಟಿಯಾದದ್ದೇ. ಚಿಕ್ಕಪ್ಪನ ಮಗಳು ಮಿನಿಯಾಪೊಲಿಸ್ ಹತ್ತಿರ ಇದ್ದಾಳೆ. ಫೋನಿನಲ್ಲಿ ನಾನು ಏಕೇಂದ್ರಿಯ ಜೀವಗಳ ಬಗ್ಗೆ ಮಾತು ಶುರು ಮಾಡಿದಾಗ ಅರ್ಧಕ್ಕೇ ತಡೆದಳು. “ಅಣ್ಣಾ, ಅದನ್ನೆಲ್ಲ ಆಮೇಲೆ ಹೇಳು. ನಮ್ಮ ಅಪಾರ್ಟ್‌ಮೆಂಟ್ ಮುಂದೆ ಜಾರಿ ಬಿದ್ದು ನನ್ನ ಮಣಿಕಟ್ಟಿಗೆ ಪ್ಲೇಟ್ ಹಾಕಿದ್ದಾರೆ.” ಕಣ್ಣಿಗೆ ಕಾಣದ, ಗಾಜಿನಷ್ಟು ತೆಳುವಾದ ಮಂಜುಗಡ್ಡೆಯ ಮೇಲೆ ಮನುಷ್ಯ ಬೀಳುವ ರಭಸ ಎಂಥದೆಂದು ಅವಳು ವಿವರಿಸಿದಳು. ಡಯಾಲಿಸಿಸ್‌ಗೆಂದು ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ಅಂಗಳ ದಾಟುವ ಮುದುಕಿಗೆ ನಾನು ಅಪ್ಕಾಯದ, ಅಂದರೆ ನೀರನ್ನೇ ಮೈಯಾಗಿ ಉಳ್ಳ ಜೀವಗಳ, ಪಾಠ ಹೇಳಲಾರೆ. ಶಾಸ್ತ್ರವೂ ಹೇಳು ಎನ್ನುವುದಿಲ್ಲ. ಇಂದ್ರಿಯಗಳು ಹೆಚ್ಚಿದಷ್ಟೂ ಹಿಂಸೆಯ ಭಾರ ಹೆಚ್ಚು. ಮನಸ್ಸುಳ್ಳ ಪಂಚೇಂದ್ರಿಯ ಜೀವವನ್ನು ಬೀಳಲು ಬಿಟ್ಟು ಹಿಮವನ್ನು ಕಾಪಾಡುವುದು ಧರ್ಮವಲ್ಲ.

ಹಿಮವೂ ಜೀವ, ಮುದುಕಿಯೂ ಜೀವ ಎಂಬಲ್ಲಿ ಕೈಕಟ್ಟಿ ಕೂರುವುದು ಮುನಿಗಳಿಗೆ ಸಾಧ್ಯ. ನಮ್ಮಂಥ ಶ್ರಾವಕರಿಗೆ ಆಚಾರ್ಯರು ಬೇರೆ ದಾರಿ ಹಾಕಿಕೊಟ್ಟಿದ್ದಾರೆ. ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ, ಅಡುಗೆ ಕಸಬರಿಗೆಯದು ಆರಂಭೀ, ಬೇಸಾಯ ವ್ಯಾಪಾರದ್ದು ಉದ್ಯೋಗೀ, ತನ್ನವರನ್ನು ಕಾಪಾಡಿಕೊಳ್ಳುವಾಗಿನದು ವಿರೋಧೀ. ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಇಳಿಸಬೇಕು. ನನ್ನ ಉಪ್ಪು ಉದ್ಯೋಗೀ ಹಿಂಸೆ, ಚನ್ನರಾಯಪಟ್ಟಣದಲ್ಲಿ ನಮ್ಮಪ್ಪನ ನೇಗಿಲು ಇದ್ದ ಸಾಲಿನಲ್ಲೇ ಕೂರುತ್ತದೆ.

ಇಲ್ಲಿಯವರೆಗೆ ಸಲೀಸು. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇನ್ನೊಂದು ವ್ರತ ಇಟ್ಟಿದ್ದಾರೆ. ಅದರ ಹೆಸರು ಅನರ್ಥದಂಡವ್ರತ, ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು. ಅದರ ಐದು ಬಗೆಗಳಲ್ಲಿ ಒಂದು ಪ್ರಮಾದಚರ್ಯೆ. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕತ್ತರಿಸುವುದು, ಸುಮ್ಮನೆ ಅಲೆಯುವುದು ಎಲ್ಲ ಅದರಲ್ಲಿ ಬರುತ್ತವೆ. ನೇಗಿಲಿಗೆ ಕ್ಷಮೆಯುಂಟು, ಸುಮ್ಮನೆ ಕೆದಕಿದ ಗುದ್ದಲಿಗಿಲ್ಲ. ಜಾರುವ ಅಂಗಳಕ್ಕೆ ಬೇಕಾದ ಉಪ್ಪಿಗೆ ಕ್ಷಮೆಯಿದೆ, ಅದರ ಮೇಲೆ ಬಿದ್ದ ಒಂದು ಹಿಡಿಗೂ ಇಲ್ಲ. ಆ ಗೆರೆ ಎಳೆಯುವುದು ಎಲ್ಲಿ ಎಂಬುದು ನನ್ನ ಪ್ರಶ್ನೆ.

ಲಾಗ್‌ಗಳನ್ನು ತಾಳೆ ನೋಡುತ್ತ ನೋಡುತ್ತ, ಬೇಕಾದದ್ದಕ್ಕಿಂತ ಮೇಲೆ ಬೀಳುವ ಉಪ್ಪನ್ನು ಹಾಕುವುದು ಚಳಿಯಲ್ಲ, ಭಯ ಎಂದು ನನಗೆ ಕಂಡಿದೆ. ಯಾರಾದರೂ ಬಿದ್ದರೆ ವಕೀಲರ ನೋಟಿಸ್ ಬರುತ್ತದೆ. ಆಗ ನ್ಯಾಯಾಲಯದಲ್ಲಿ ತೋರಿಸಲು ನೆಲದ ಮೇಲೆ ಕಣ್ಣಿಗೆ ಕಾಣುವಷ್ಟು ಉಪ್ಪಿರಬೇಕು. ಹೆಜ್ಜೆ ಇಟ್ಟರೆ ಕರಕರ ಸದ್ದು ಬರುವಷ್ಟು ಹರಡಿದ ಅಂಗಳಗಳ ಫೋಟೊಗಳು ನಮಗೆ ಬರುತ್ತಲೇ ಇರುತ್ತವೆ. ಅಷ್ಟು ಉಪ್ಪು ಹಿಮ ಕರಗಿಸಲಿಕ್ಕಲ್ಲ, ಸಾಕ್ಷಿ ಹೇಳಲಿಕ್ಕೆ. ಇನ್ನೊಂದು ಕಡೆ ಗುತ್ತಿಗೆಯ ಬರವಣಿಗೆ. ಟನ್ನಿಗೆ ಇಷ್ಟು, ಒಂದು ಸಲ ಹಾಕಿದ್ದಕ್ಕೆ ಇಷ್ಟು ಎಂದಿದ್ದರೆ ಹೆಚ್ಚು ಸುರಿದವನಿಗೆ ಹೆಚ್ಚು ಹಣ. ಇಡೀ ಚಳಿಗಾಲಕ್ಕೆ ಒಂದೇ ಮೊತ್ತ ಎಂದಿದ್ದರೆ ಅದೇ ಚಾಲಕ, ಅದೇ ಲಾರಿ ಕಡಿಮೆ ಉಪ್ಪಿನಲ್ಲಿ ಅದೇ ಅಂಗಳವನ್ನು ಕಾಯುತ್ತಾರೆ. ಲೋಭ ನಾಲ್ಕು ಕಷಾಯಗಳಲ್ಲಿ ಒಂದು. ಭಯವನ್ನು ನಮ್ಮವರು ಒಂಬತ್ತು ನೋಕಷಾಯಗಳಲ್ಲಿ ಸೇರಿಸಿದ್ದಾರೆ, ತುಸು ಚಿಕ್ಕ ಕಷಾಯವೆಂದು. ಪಾರ್ಕಿಂಗ್ ಜಾಗದಲ್ಲಿ ಮಾತ್ರ ಚಿಕ್ಕದೇ ದೊಡ್ಡಣ್ಣ.

ಜೈನ ಮನಸ್ಸಿಗೆ ಇಲ್ಲೊಂದು ತೊಡಕಿದೆ. ನಮ್ಮ ಆಚಾರ್ಯರು ಹಿಂಸೆಯನ್ನು ಅಳೆಯುವುದು ಎಚ್ಚರದಿಂದ. ಕುಂದಕುಂದರ ‘ಪ್ರವಚನಸಾರ’ದಲ್ಲೂ ಅಮೃತಚಂದ್ರರ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲೂ ಒಂದೇ ವಾದ: ಎಚ್ಚರ ತಪ್ಪಿ ನಡೆದವನಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ತಗುಲಿತು, ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿ ಹುಳುವೊಂದು ಸತ್ತರೂ ಬಂಧವಿಲ್ಲ. ಈ ನಡಿಗೆಯ ಎಚ್ಚರಕ್ಕೆ ಈರ್ಯಾಸಮಿತಿ ಎನ್ನುತ್ತಾರೆ. ಮುನಿಯ ಕಾಲಿಗೂ ಹುಳುವಿಗೂ ಇದು ಸರಿ. ಕೆರೆ ಮಾತ್ರ ಯಾರ ಉದ್ದೇಶವನ್ನೂ ಕೇಳುವುದಿಲ್ಲ. ಮುದುಕಿಯನ್ನು ಕಾಪಾಡಲು ಹಾಕಿದ ಕ್ಲೋರೈಡಿಗೂ ವಕೀಲರಿಗೆ ಹೆದರಿ ಹಾಕಿದ ಕ್ಲೋರೈಡಿಗೂ ಮೀನು ವ್ಯತ್ಯಾಸ ಕಾಣದು. ಒಬ್ಬೊಬ್ಬರೂ ಎಚ್ಚರದಲ್ಲೇ ಇದ್ದು, ಒಬ್ಬೊಬ್ಬರ ಪಾಲೂ ಚಮಚದಷ್ಟೇ ಇದ್ದು, ಎಲ್ಲ ಕೂಡಿ ಒಂದು ಕೆರೆ ಉಪ್ಪಾಗಬಹುದು. ಉದ್ದೇಶದ ಮೇಲೆ ನಿಂತ ಧರ್ಮ ಇಂಥ ಒಟ್ಟುಗೂಡಿದ ಹಿಂಸೆಗೆ ಏನು ಹೇಳುತ್ತದೆ?

ನಾನು ಕಂಡುಕೊಂಡ ಉತ್ತರ ಇಷ್ಟು. ಎಚ್ಚರದ ಅಳತೆ ಕಾಲಕಾಲಕ್ಕೆ ಬೆಳೆಯುತ್ತದೆ. ನಾಲ್ಕು ಮೊಳ ಎಂಬುದು ಬರಿಗಣ್ಣಿನ ಮುನಿಗೆ ಹೇಳಿದ ಮಾತು, ಕಣ್ಣು ಮುಟ್ಟುವಷ್ಟು ದೂರ ಜವಾಬ್ದಾರಿಯೂ ಮುಟ್ಟಬೇಕು ಎಂಬುದು ಅದರ ತಿರುಳು. ನನ್ನ ಕಣ್ಣು ಈಗ ಎಲೆಕ್ಟ್ರಾನಿಕ್ ಸಿಟಿಯಿಂದ ಮಿನಿಸೋಟದ ಡಾಂಬರಿನ ಉಷ್ಣಾಂಶದವರೆಗೆ ಮುಟ್ಟುತ್ತದೆ. ಗಾಳಿಯ ಉಷ್ಣಾಂಶ ಬೇರೆ, ನೆಲದ ಉಷ್ಣಾಂಶ ಬೇರೆ, ಉಪ್ಪಿನ ಪ್ರಮಾಣ ನಿಲ್ಲಬೇಕಾದದ್ದು ಎರಡನೆಯದರ ಮೇಲೆ. ಲಾರಿಯ ಕೊಳವೆ ನಿಮಿಷಕ್ಕೆ ಎಷ್ಟು ಬಿಡುತ್ತದೆಂದು ಋತು ಶುರುವಾಗುವ ಮೊದಲು ಅಳೆದಿದ್ದಾರೋ ಇಲ್ಲವೋ ಎಂಬುದು ನನ್ನ ಪರದೆಯ ಮೇಲೆ ಕಾಣುತ್ತದೆ. ಇವುಗಳನ್ನು ನೋಡಬಲ್ಲವನು ನೋಡದೆ ಟಿಕೆಟ್ ಕಳಿಸಿದರೆ ಅದು ಪ್ರಮಾದ, ಮನಸ್ಸಿನಲ್ಲಿ ಎಷ್ಟೇ ಕರುಣೆ ಇದ್ದರೂ. ಕೆರೆ ನನ್ನ ಉದ್ದೇಶ ಕೇಳದಿರಬಹುದು, ಅಳತೆಯ ಮೂಲಕ ನಾನೇ ಕೆರೆಯನ್ನು ನನ್ನ ಉದ್ದೇಶದೊಳಗೆ ತಂದುಕೊಳ್ಳಬೇಕು. ದ್ರವದ ದೊಡ್ಡ ಗುಣವೂ ನನಗೆ ಇದೇ ಅನ್ನಿಸುತ್ತದೆ. ಬ್ರೈನ್ ಪುಣ್ಯವಲ್ಲ, ಅದರಲ್ಲೂ ಅದೇ ಕ್ಲೋರೈಡ್. ಸಲಿಕೆಯಲ್ಲಿ ಎರಚಿದ್ದಕ್ಕೆ ಲೆಕ್ಕ ಸಿಗುವುದಿಲ್ಲ, ಕೊಳವೆಯಲ್ಲಿ ಹರಿದದ್ದಕ್ಕೆ ಸಿಗುತ್ತದೆ. ಸಾಕು ಎನ್ನುವ ಮಾತನ್ನು ಅಂಕಿಯಲ್ಲಿ ಹೇಳಲು ಅದು ಅನುವು ಮಾಡಿಕೊಡುತ್ತದೆ.

ಅಮ್ಮ ಪರ್ವದ ದಿನಗಳಲ್ಲಿ ಉಪ್ಪು ಬಿಟ್ಟು ಉಣ್ಣುತ್ತಾಳೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು ನಮ್ಮಲ್ಲಿ ತಪಸ್ಸಿನ ಲೆಕ್ಕಕ್ಕೆ ಸೇರುತ್ತದೆ. ಉಪ್ಪು ಪಾಪವೆಂದು ಅವಳು ಬಿಡುವುದಿಲ್ಲ. ಮರುದಿನ ಸಾರಿಗೆ ಹಾಕುವಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದಂತೆ.

ಇದೆಲ್ಲ ದುಡ್ಡು ಉಳಿಸುವ ಮಾತಿಗೆ ಧರ್ಮದ ಪಂಚೆ ಉಡಿಸಿದಂತೆ ಎಂದು ನೀವು ಹೇಳಬಹುದು. ಉಪ್ಪು ಉಳಿದರೆ ಹಣವೂ ಉಳಿಯುತ್ತದೆ ನಿಜ. ಎರಡೂ ಒಂದೇ ದಾರಿಯಲ್ಲಿ ಹೋಗುವಾಗ ನಾನು ಯಾವುದರ ಹಿಂದೆ ಹೊರಟಿದ್ದೇನೆ ಎಂದು ನನಗೂ ತಿಳಿಯದು. ದಾರಿ ಕವಲೊಡೆಯುವುದು ಟನ್ ಲೆಕ್ಕದ ಗುತ್ತಿಗೆಯಲ್ಲಿ, ಅಲ್ಲಿ ಕಡಿಮೆ ಉಪ್ಪು ಎಂದರೆ ಕಡಿಮೆ ಬಿಲ್ಲು. ಅಂಥ ಕಡೆ ಒಬ್ಬ ಉದ್ಯೋಗಿಯ ಅಣುವ್ರತದಿಂದ ಆಗುವುದು ಅಷ್ಟಕ್ಕಷ್ಟೆ. ಟಿಕೆಟ್‌ನಲ್ಲಿ ನೆಲದ ಉಷ್ಣಾಂಶ ಬರೆಯದಿದ್ದರೆ ನಾನು ವಾಪಸ್ ಕಳಿಸಬಲ್ಲೆ, ಗುತ್ತಿಗೆಯ ಕಲಮು ತಿದ್ದಲಾರೆ.

ಅದಕ್ಕೇ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಮಾಡಿದ್ದು ನನಗೆ ಬರಿಯ ಕಾನೂನಿನ ಸುದ್ದಿಯಾಗಿ ಕಾಣುವುದಿಲ್ಲ. 2013ರಿಂದ ಅಲ್ಲೊಂದು ಏರ್ಪಾಡಿದೆ. ಉಪ್ಪು ಹಾಕುವ ಖಾಸಗಿ ಗುತ್ತಿಗೆದಾರರು ತರಬೇತಿ ಪಡೆದು, ಸರ್ಟಿಫಿಕೇಟ್ ಮಾಡಿಸಿಕೊಂಡು, ಹೇಳಿದ ವಿಧಾನದಲ್ಲೇ ಹಾಕಿ, ಹಾಕಿದ್ದನ್ನು ಬರೆದಿಟ್ಟರೆ, ಬರಿಯ ಹಿಮ ಮಂಜುಗಡ್ಡೆಯಿಂದಾದ ಬೀಳುವಿಕೆಗೆ ಅವರನ್ನೂ ಅವರನ್ನು ನೇಮಿಸಿಕೊಂಡ ಮಾಲೀಕರನ್ನೂ ಹೊಣೆ ಮಾಡಲು ಬರುವುದಿಲ್ಲ. ಕಡಿಮೆ ಹಾಕಿ ಎಂದು ಉಪದೇಶ ಮಾಡುವ ಬದಲು, ಹೆಚ್ಚು ಹಾಕಿಸುತ್ತಿದ್ದ ಭಯವನ್ನೇ ಕಿತ್ತರು. ಸಂವರವೆಂದರೆ ಬಾಗಿಲು ಮುಚ್ಚುವುದು ಎಂದು ಕಲಿತವನಿಗೆ ಇದು ಕೂಡಲೇ ಅರ್ಥವಾಗುತ್ತದೆ. ಈ ಕಾಲದ ಹಿಂಸೆಯ ಬಾಗಿಲುಗಳು ನಮ್ಮ ಇಂದ್ರಿಯಗಳಲ್ಲಿ ಎಷ್ಟಿವೆಯೋ ಅಷ್ಟೇ ಒಪ್ಪಂದಪತ್ರಗಳಲ್ಲೂ ವಿಮೆಯ ಷರತ್ತುಗಳಲ್ಲೂ ಇವೆ. ಅವನ್ನು ಮುಚ್ಚುವವರು ಗುಮಾಸ್ತರು, ಶಾಸಕರು, ಎಂಜಿನಿಯರುಗಳು. ಅವರು ತಮ್ಮನ್ನು ತಪಸ್ವಿಗಳೆಂದು ಭಾವಿಸಿಕೊಳ್ಳದಿದ್ದರೂ ಆಗುವ ಫಲ ಅದೇ. ಇತ್ತ ಬಿದ್ದವರಿಗೆ ನ್ಯಾಯ ಕೇಳುವ ದಾರಿ ಕಿರಿದಾಗುತ್ತದೆ ಎಂಬ ಆಕ್ಷೇಪವೂ ಸರಿಯಾದದ್ದೇ. ಪ್ಲೇಟ್ ಹಾಕಿಸಿಕೊಂಡ ತಂಗಿಗೆ ಈ ಕಾನೂನು ಹೇಳಿದಾಗ ಅವಳು ಮೆಚ್ಚಲಿಲ್ಲ. ಎಚ್ಚರದಿಂದ ಹಾಕಿದ್ದಕ್ಕೆ ದಾಖಲೆಯಿದ್ದರೆ ಮಾತ್ರ ರಕ್ಷಣೆ ಎಂದ ಮೇಲೆ, “ದಾಖಲೆ ಯಾರು ನೋಡ್ತಾರೆ?” ಎಂದು ಕೇಳಿದಳು. ನೋಡುವವನು ನಾನೇ ಎಂದೆ. ಅದರಿಂದ ಅವಳಿಗೆ ಹೆಚ್ಚು ಸಮಾಧಾನವಾದಂತೆ ಕಾಣಲಿಲ್ಲ.

ಹಿಮವೇ ಬೀಳದ ಊರಿನಲ್ಲಿ ಇದೆಲ್ಲ ಯಾಕೆ ಎನ್ನುವವರನ್ನು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಕರೆದೊಯ್ಯುತ್ತೇನೆ. ಹೊಸೂರು ರಸ್ತೆಯ ಈ ಪಟ್ಟಿಯಲ್ಲಿ ಬೋರ್‌ವೆಲ್ ನೀರು ಗಡಸು. ಅದನ್ನು ಮೆದು ಮಾಡಲು ಸಾಫ್ಟ್‌ನರ್ ಘಟಕ, ಅದರ ಪಕ್ಕದಲ್ಲಿ ಉಪ್ಪಿನ ಚೀಲಗಳ ರಾಶಿ. ಘಟಕದೊಳಗಿನ ರೆಸಿನ್ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಅವು ತುಂಬಿಹೋದಾಗ ಉಪ್ಪುನೀರು ಹರಿಸಿ ತೊಳೆಯಬೇಕು. ತೊಳೆದ ಬ್ರೈನ್ ಚರಂಡಿಗೆ. ಕೊಳಚೆ ಶುದ್ಧೀಕರಣ ಘಟಕ ಮಲಮೂತ್ರವನ್ನು ಜೀರ್ಣಿಸಬಲ್ಲದು, ಉಪ್ಪನ್ನಲ್ಲ. ಆ ನೀರೇ ನಮ್ಮ ತೋಟಕ್ಕೂ ಹೋಗುತ್ತದೆ, ಕಾಲುವೆಗೂ ಇಳಿಯುತ್ತದೆ. ಮಿನಿಸೋಟದವರು ತಮ್ಮ ಕೆರೆಗಳ ಕ್ಲೋರೈಡಿಗೆ ಹೆಸರಿಸುವ ದೊಡ್ಡ ಮೂಲಗಳು ಎರಡು, ರಸ್ತೆಯ ಉಪ್ಪು ಮತ್ತು ಮನೆಯ ಸಾಫ್ಟ್‌ನರ್. ಒಂದನ್ನು ನಾನು ರಾತ್ರಿ ಮಾಡಿಸುತ್ತೇನೆ, ಇನ್ನೊಂದರಲ್ಲಿ ಬೆಳಿಗ್ಗೆ ಸ್ನಾನ ಮಾಡುತ್ತೇನೆ.

ಭಯವೂ ಇಲ್ಲಿ ಅದೇ. ನಲ್ಲಿಯ ಮೇಲೆ ಬಿಳಿ ಕಲೆ ಬಿದ್ದರೆ ವಾಟ್ಸ್‌ಆಪ್ ಗುಂಪಿನಲ್ಲಿ ಅಸೋಸಿಯೇಷನ್‌ಗೆ ಬೈಗುಳ. ಅದಕ್ಕೆ ಹೆದರಿ ಪ್ಲಂಬರ್, ಮಣಿಗಳು ತುಂಬಿರಲಿ ಬಿಡಲಿ, ಟೈಮರ್ ಇಟ್ಟು ದಿನವೂ ತೊಳೆಯುತ್ತಾನೆ. ಎಷ್ಟು ನೀರು ಹರಿದಿದೆಯೆಂದು ಮೀಟರ್ ನೋಡಿ ತೊಳೆಯುವ ಘಟಕಗಳು ಮಾರುಕಟ್ಟೆಯಲ್ಲಿವೆ. ಬಿಐಎಸ್‌ನ ಐಎಸ್ 10500 ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಸೊನ್ನೆಗೆ ಇಳಿಸಬೇಕೆಂದು ಯಾರೂ ಹೇಳಿಲ್ಲ. ಟೈಮರ್ ತೆಗೆದು ಮೀಟರ್ ಹಾಕಬೇಕು, ತಿಂಗಳಿಗೆ ಎಷ್ಟು ಚೀಲ ಉಪ್ಪು ಖರ್ಚಾಯಿತೆಂದು ನೋಟಿಸ್ ಬೋರ್ಡಿನಲ್ಲಿ ಬರೆಯಬೇಕು, ಇಷ್ಟು ಚೀಲ ದಾಟುವಂತಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂದು ನಾನು ಅಸೋಸಿಯೇಷನ್ ಸಭೆಗೆ ಠರಾವು ಕೊಟ್ಟಿದ್ದೇನೆ. ಶ್ರಾವಕರ ಪರಿಮಾಣವ್ರತವೂ ಹೀಗೆಯೇ, ಮಿತಿಯನ್ನು ಅಂಕಿಯಲ್ಲಿ ಹೇಳಿಯೇ ತೆಗೆದುಕೊಳ್ಳಬೇಕು, ಆದಷ್ಟು ಕಡಿಮೆ ಮಾಡುತ್ತೇನೆ ಎಂದರೆ ವ್ರತವಾಗುವುದಿಲ್ಲ. ಖಜಾಂಚಿಯವರು ಮೀಟರಿನ ಖರ್ಚಿಗೆ ಒಪ್ಪಿದ್ದಾರೆ. ಚೀಲಗಳ ಮಿತಿಗೆ ಅಂಕಿ ಬರೆಯಲು ಇನ್ನೂ ಯಾರೂ ಒಪ್ಪಿಲ್ಲ, ನಲ್ಲಿ ಕಲೆಯಾದರೆ ಹೊಣೆ ಯಾರು ಎಂದು ಕೇಳುತ್ತಿದ್ದಾರೆ. ಮುಂದಿನ ಸಭೆಯಲ್ಲಿ ಮೊದಲು ಆ ಪ್ರಶ್ನೆಗೇ ಉತ್ತರ ಕೊಡಬೇಕು: ಮೀಟರ್ ನೋಡಿ ಕೆಲಸ ಮಾಡಿದ ಪ್ಲಂಬರನನ್ನು ಕಲೆಗಾಗಿ ಯಾರೂ ಬೈಯುವಂತಿಲ್ಲ ಎಂದು ಠರಾವಿಗೆ ಒಂದು ಸಾಲು ಸೇರಿಸಿದ್ದೇನೆ.